ಆಧಾರವಿಲ್ಲದ ದಾದಿ

ನೈಮೆಗನ್
೪ ಸೆಪ್ಟೆಂಬರ್ ೨೦೨೫

ಶ್ರೀಮತಿ ಪದ್ಮಿನಿ ನರಹರಿ ಅವರಿಗೆ,

ಮೈಸೂರಿನ ಪ್ರಕಾಶಕರಾದ ವಾಮನ ಅವರು ನಿಮ್ಮ ‘೧೬೩೨: ಒಂದು ವರ್ಷದ ಕಥೆ’ಯ ಹಸ್ತಪ್ರತಿಯನ್ನು ಪರಿಶೀಲಿಸಿಕೊಡಲು ನನಗೆ ಕಳಿಸಿದ್ದಾರೆ. ಹದಿನೇಳನೇ ಶತಮಾನದ ಹಾಲೆಂಡಿನ ಮೇಲೆ ಕೆಲಸ ಮಾಡುವ ಕನ್ನಡದವರು ಅವರಿಗೆ ನಾನೊಬ್ಬಳೇ ಸಿಕ್ಕಿದ್ದಂತೆ. ನಾವಿಬ್ಬರೂ ಒಂದು ಕಾಲಕ್ಕೆ ನೆರೆಹೊರೆಯವರಾಗಿದ್ದೆವು ಎಂಬುದು ಅವರಿಗೆ ಗೊತ್ತಿಲ್ಲ. ನಾನು ಹೇಳಲೂ ಇಲ್ಲ. ತಪ್ಪುಗಳಿದ್ದರೆ ಲೇಖಕಿಗೇ ನೇರವಾಗಿ ತಿಳಿಸಿ ಎಂದಿದ್ದಾರೆ. ಹಾಗಾಗಿ ಈ ಪತ್ರ.

ಚಿತ್ರಕಾರ ವರ್ಮೀರ್ ಅಕ್ಟೋಬರ್ ೩೧ರಂದು ಹುಟ್ಟಿದ ಎಂದು ಬರೆದಿದ್ದೀರಿ. ಅದು ಡೆಲ್ಫ್ಟ್‌ನ ಹೊಸ ಚರ್ಚಿನಲ್ಲಿ ಅವನ ದೀಕ್ಷಾಸ್ನಾನವಾದ ದಿನ. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಸೂಕ್ಷ್ಮದರ್ಶಕದ ಲೇವೆನ್‌ಹುಕ್ ಹುಟ್ಟಿದ್ದು ಅದೇ ಊರಿನಲ್ಲಿ ಅಕ್ಟೋಬರ್ ೨೪ರಂದು, ದೀಕ್ಷಾಸ್ನಾನ ನವೆಂಬರ್ ೪ರಂದು. ಎರಡು ಮಕ್ಕಳ ತಾಯಂದಿರು ಚರ್ಚಿನ ಬಾಗಿಲಲ್ಲಿ ಒಬ್ಬರನ್ನೊಬ್ಬರು ನೋಡಿ ನಕ್ಕರು ಎಂದಿದ್ದೀರಿ. ದಿನಗಳೇ ಬೇರೆ. ಅಲ್ಲದೆ ಹಸಿ ಬಾಣಂತಿಯರು ಇಂಥ ಸಮಯದಲ್ಲಿ ಬಹಳ ಸಲ ಚರ್ಚಿಗೆ ಹೋಗುತ್ತಲೇ ಇರಲಿಲ್ಲ. ಮಾಸ್ಟ್ರಿಕ್ಟ್ ಕೋಟೆ ಬಿದ್ದದ್ದು ಜೂನ್‌ನಲ್ಲಿ ಅಲ್ಲ, ಆಗಸ್ಟ್‌ನಲ್ಲಿ. ಜೂನ್‌ನಲ್ಲಿ ಮುತ್ತಿಗೆ ಶುರುವಾಯಿತು. ಸ್ವೀಡನ್ನಿನ ದೊರೆ ನವೆಂಬರಿನಲ್ಲಿ ಯುದ್ಧದಲ್ಲಿ ಸತ್ತಾಗ ಅವನ ಮಗಳಿಗೆ ಏಳು ವರ್ಷವಲ್ಲ, ಇನ್ನೂ ಆರು ತುಂಬಿರಲಿಲ್ಲ.

ಇವೆಲ್ಲ ತಿದ್ದಬಹುದಾದವು. ತಿದ್ದಲಾಗದ್ದು ಆರನೇ ಅಧ್ಯಾಯ.

ಅದೇ ಊರಿನ ಕಾಲುವೆಯ ದಂಡೆಯಲ್ಲಿ, ಆ ಎರಡು ಮಕ್ಕಳ ಮನೆಗಳ ಜೊತೆಗೆ, ಮೂರನೆಯದೊಂದು ಮನೆಯನ್ನು ಕಟ್ಟಿದ್ದೀರಿ. ಅಲ್ಲಿಯ ಬಾಣಂತಿಗೆ ಹಾಲಿಲ್ಲ. ಮಗು ಸತ್ತ ಒಬ್ಬ ಹೆಂಗಸನ್ನು ಕೂಲಿಗೆ ಗೊತ್ತು ಮಾಡಿ ಹಾಲು ಕುಡಿಸುತ್ತಾರೆ. ಅಜ್ಜಿ ಊರಿನಿಂದ ಬಂದ ಮೇಲೆ ಆ ದಾದಿಗೆ ಒಂದು ಉಣ್ಣೆ ಬಟ್ಟೆ ಕೊಟ್ಟು ಕಳಿಸುತ್ತಾರೆ. ‘ಅವಳು ಸಂತೋಷದಿಂದ ಹೋದಳು’ ಎಂದು ಅಧ್ಯಾಯ ಮುಗಿಸಿದ್ದೀರಿ. ಬಡ ಕಸುಬಿನವರ ಓಣಿಯಲ್ಲಿ ಸಂಬಳದ ದಾದಿಯರು ಅಪರೂಪ. ತಾಯಿಗೆ ಹಾಲಿಲ್ಲದಿದ್ದರೆ ನೆರೆಯವಳೇ ಕೊಡುತ್ತಿದ್ದಳು, ಅದೂ ಕೂಲಿಗಲ್ಲ. ಈ ದಾದಿಗೆ ನಿಮ್ಮಲ್ಲಿರುವ ಆಧಾರವೇನು? ಅವಳು ಸಂತೋಷದಿಂದ ಹೋದಳು ಎಂಬುದಕ್ಕೆ ಆಧಾರವೇನು?

ನಿಮ್ಮ ಫೋನ್ ನಂಬರ್ ನನ್ನ ಬಳಿ ಇಲ್ಲ, ಕಳಿಸುವುದೂ ಬೇಡ. ಉತ್ತರ ಅಂಚೆಯಲ್ಲಿ ಬಂದರೆ ಸಾಕು.

ಡಾ. ಸಮೀಕ್ಷಾ


ಆಲ್ಮೆರೆ
೧೫ ಸೆಪ್ಟೆಂಬರ್ ೨೦೨೫

ಡಾ. ಸಮೀಕ್ಷಾ ಅವರಿಗೆ,

ದಿನಾಂಕಗಳನ್ನೆಲ್ಲ ತಿದ್ದಿದ್ದೇನೆ, ಕೃತಜ್ಞತೆಗಳು. ದಿನವಿಡೀ ಬ್ಯಾಂಕೊಂದರ ಸಾಫ್ಟ್‌ವೇರ್ ಪರೀಕ್ಷೆ ಮಾಡಿ, ಆಮ್‌ಸ್ಟರ್‌ಡಾಮಿಗೆ ಹೋಗಿಬರುವ ರೈಲಿನಲ್ಲಿ ಕೂತು ಬರೆದ ಪುಸ್ತಕ ಇದು. ವಿಶ್ವವಿದ್ಯಾಲಯದ ಕೋಣೆಯಲ್ಲಿ ಕೂತವರಿಗೆ ಕಾಣುವ ತಪ್ಪು ನನಗೆ ಕಾಣದೆ ಹೋಗಿರಬಹುದು.

ಇಬ್ಬರು ತಾಯಂದಿರನ್ನು ಚರ್ಚಿನ ಬಾಗಿಲಿನಿಂದ ತೆಗೆದಿದ್ದೇನೆ. ಆರನೇ ಅಧ್ಯಾಯವನ್ನು ತೆಗೆಯುವುದಿಲ್ಲ. ಆ ಮೂರನೇ ಮನೆ ಕಲ್ಪನೆಯದು ಎಂದು ಮುನ್ನುಡಿಯಲ್ಲೇ ಹೇಳಿದ್ದೇನೆ. ನೀವು ಮುನ್ನುಡಿ ಓದಿರಲಿಕ್ಕಿಲ್ಲ. ದೊರೆಗಳು ಸತ್ತದ್ದು, ಕೋಟೆಗಳು ಬಿದ್ದದ್ದು, ದೊಡ್ಡವರು ಹುಟ್ಟಿದ್ದು ಇಷ್ಟೇ ಆದರೆ ಅದು ಒಂದು ವರ್ಷ ಆಗುವುದಿಲ್ಲ. ಹೆಸರಿಲ್ಲದವರೂ ಆ ವರ್ಷ ಹೆತ್ತರು, ಕಳೆದುಕೊಂಡರು. ಅವರನ್ನು ಊಹಿಸಲು ನೈಮೆಗನ್‌ನಿಂದ ಅನುಮತಿ ಪಡೆಯಬೇಕೆಂದು ನನಗೆ ತಿಳಿದಿರಲಿಲ್ಲ.

ಹನ್ನೆರಡು ವರ್ಷದ ಮೇಲೆ ನಿಮ್ಮ ಅಕ್ಷರ ನೋಡಿದೆ. ನಿಮ್ಮ ಯಜಮಾನರು ಚೇತನ್ ಹೇಗಿದ್ದಾರೆ ಎಂದು ಕೇಳಬೇಕೆಂದಿದ್ದೆ. ಪತ್ರದ ಧಾಟಿ ನೋಡಿ ಸುಮ್ಮನಾದೆ. ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದವರು ನೀವು. ಹೇಳದೆ ಕೇಳದೆ ಊರು ಬಿಟ್ಟವರೂ ನೀವೇ. ಈಗ ಒಂದು ಪುಸ್ತಕದ ನೆಪದಲ್ಲಿ ನನ್ನನ್ನು ಕಟಕಟೆಗೆ ಹತ್ತಿಸುವ ಅಗತ್ಯ ಕಾಣುವುದಿಲ್ಲ.

ನವೆಂಬರ್ ೧ರಂದು ಆಲ್ಮೆರೆಯ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಪುಸ್ತಕದ ಬಿಡುಗಡೆ. ಸ್ಪಂದನಾಗೆ ಮುಂದಿನ ತಿಂಗಳು ಹನ್ನೆರಡು ತುಂಬುತ್ತದೆ. ಕನ್ನಡ ಓದಲು ಕಲಿತಿದ್ದಾಳೆ. ಆರನೇ ಅಧ್ಯಾಯವನ್ನು ಸಭೆಯಲ್ಲಿ ಅವಳೇ ಓದುತ್ತಾಳೆ.

ಪದ್ಮಿನಿ


ನೈಮೆಗನ್
೧೯ ಸೆಪ್ಟೆಂಬರ್ ೨೦೨೫

ಪದ್ಮಿನಿ,

‘ನೀವು’ ಸಾಕು. ನಾನು ಬಹುವಚನದಲ್ಲಿ ಬರೆದದ್ದು ಮರ್ಯಾದೆಗಲ್ಲ, ದೂರ ಇರಲಿ ಎಂದು.

ಬರುವುದನ್ನು ನಿಲ್ಲಿಸಿದವಳು ನಾನು ಎನ್ನುತ್ತೀಯ. ಹಾಗಾದರೆ ನಡೆದದ್ದನ್ನು ನಾನೇ ಬರೆಯುತ್ತೇನೆ, ಓದಿಕೋ.

ಆ ಅಕ್ಟೋಬರಿನಲ್ಲಿ ನಾವಿಬ್ಬರೂ ಆಲ್ಮೆರೆಯ ಒಂದೇ ಬೀದಿಯಲ್ಲಿದ್ದೆವು. ಇಬ್ಬರಿಗೂ ದಿನ ತುಂಬಿತ್ತು. ಹುಣಿಸೇಹಣ್ಣಿನ ಆಸೆಗೆ ಸುರಿನಾಮಿನವರ ಅಂಗಡಿಯವರೆಗೆ ಹೊಟ್ಟೆ ಹೊತ್ತುಕೊಂಡು ನಡೆದು, ದಾರಿಯಲ್ಲಿ ಬೆಂಚು ಕಂಡಲ್ಲೆಲ್ಲ ಕೂತು ನಗುತ್ತಿದ್ದೆವು. ಆಮೇಲೆ ನನ್ನ ಮಗ ಹೊಟ್ಟೆಯಲ್ಲೇ ತೀರಿಕೊಂಡ. ಚೇತನ್ ಆಸ್ಪತ್ರೆಯಿಂದ ಮಗುವಿನ ಕಾರ್ ಸೀಟನ್ನು ಖಾಲಿಯಾಗಿ ಹಿಡಿದುಕೊಂಡು ಬಂದ. ಅದೇ ವಾರ ನಿನಗೆ ಮಗಳು ಹುಟ್ಟಿದಳು. ನಿನಗೆ ನಂಜಾಗಿ ಜ್ವರ ಏರಿತು, ಹಾಲು ಬರಲಿಲ್ಲ. ಮಗು ಡಬ್ಬಿ ಹಾಲನ್ನು ಕುಡಿದಷ್ಟೂ ಕಕ್ಕುತ್ತಿತ್ತು. ಬಾಣಂತಿ ಆರೈಕೆಗೆ ಬರುತ್ತಿದ್ದ ಡಚ್ ನರ್ಸ್ ದಿನಾ ತೂಕ ನೋಡಿ ತಲೆ ಅಲ್ಲಾಡಿಸುತ್ತಿದ್ದಳು ಎಂದು ನರಹರಿ ನಮ್ಮ ಮನೆಗೆ ಬಂದು ಹೇಳಿದ.

ನನಗೆ ಹಾಲು ಸೋರಿ ಬಟ್ಟೆಯೆಲ್ಲ ಒದ್ದೆಯಾಗುತ್ತಿತ್ತು. ಅದನ್ನು ನಿಲ್ಲಿಸಲು ಕೊಟ್ಟ ಮಾತ್ರೆ ಮೇಜಿನ ಮೇಲೆಯೇ ಇತ್ತು. ನಾನು ಅದನ್ನು ನುಂಗಲಿಲ್ಲ. ಕೋಟು ಹಾಕಿಕೊಂಡು ನಿಮ್ಮ ಮನೆಗೆ ಬಂದೆ. ನೀನು ಮಲಗಿದ್ದಲ್ಲಿಂದಲೇ ‘ಕೊಡ್ತೀಯಾ?’ ಅಂದೆ. ‘ಕೊಡು ಇಲ್ಲಿ’ ಅಂದೆ ನಾನು. ಅಷ್ಟೇ ನಮ್ಮ ಮಾತು. ಅಂದಿನಿಂದ ಹಗಲಿಗೆ ಎಷ್ಟು ಸಲ, ರಾತ್ರಿಗೆ ಎಷ್ಟು ಸಲ ಬಂದೆ ಎಂದು ನಾನು ಎಣಿಸಿಲ್ಲ. ನಿನ್ನ ಮಗಳ ಕೆನ್ನೆ ತುಂಬಿಕೊಂಡಿತು.

ನವೆಂಬರಿನಲ್ಲಿ ಮೈಸೂರಿನಿಂದ ನಿನ್ನ ಅತ್ತೆ ರಾಜಮ್ಮನವರು ಬಂದರು. ಮರುದಿನ ಬಾಗಿಲು ತೆಗೆದದ್ದು ಅವರೇ. ‘ಇನ್ಮೇಲೆ ಬರೋದ್ ಬೇಡಮ್ಮ. ಮಗುಗೆ ಡಬ್ಬಿ ಹಾಲು ಒಗ್ಗಿದೆ. ಮಗು ಹೋದವಳ ಕೈಲಿ ಎಷ್ಟ್ ದಿನ ಅಂತ ಎತ್ಸೋದು, ನೀನೇ ಹೇಳು’ ಎಂದರು. ಅರಿಸಿನ ಕುಂಕುಮ, ರವಿಕೆ ಕಣ, ಒಂದು ಮೈಸೂರು ಸಿಲ್ಕ್ ಸೀರೆ ತಟ್ಟೆಯಲ್ಲಿಟ್ಟು ಹೊಸ್ತಿಲಲ್ಲೇ ಕೊಟ್ಟರು. ಒಳಗೆ ಕರೆಯಲಿಲ್ಲ. ಒಳಗೆ ಮಗು ಅಳುತ್ತಿತ್ತು. ಅದು ಕುಡಿಯುವ ಹೊತ್ತು. ನಾನು ಸೀರೆ ಹಿಡಿದುಕೊಂಡು ನಿಂತಿದ್ದೆ, ಕೋಟಿನೊಳಗೆ ಹಾಲು ಇಳಿಯುತ್ತಿತ್ತು.

ಮಹಡಿಯ ಕಿಟಕಿಯ ಪರದೆ ಸರಿಯಿತು. ನೀನು ನಿಂತಿದ್ದೆ. ನಾನು ನೋಡಿದೆ, ನಾನು ನೋಡಿದ್ದನ್ನು ನೀನೂ ನೋಡಿದೆ. ನೀನು ಪರದೆ ಮುಚ್ಚಿದೆ.

ಸೀರೆಯನ್ನು ಬೀದಿ ಕೊನೆಯ ಹಳೆ ಬಟ್ಟೆ ಡಬ್ಬಕ್ಕೆ ಹಾಕಿದೆ. ಮನೆಗೆ ಹೋಗಿ ಮಾತ್ರೆ ನುಂಗಿದೆ. ಜನವರಿಗೆ ಆ ಊರು ಬಿಟ್ಟೆವು.

ಈಗ ಅದು ನಿನ್ನ ಪುಸ್ತಕದಲ್ಲಿ ಉಣ್ಣೆ ಬಟ್ಟೆಯಾಗಿದೆ. ನನ್ನನ್ನು ನಾನ್ನೂರು ವರ್ಷ ಹಿಂದಕ್ಕೆ ತಳ್ಳಿ, ಕೂಲಿಯವಳನ್ನಾಗಿ ಮಾಡಿ, ಸಂತೋಷದಿಂದ ಕಳಿಸಿಕೊಟ್ಟಿದ್ದೀಯ. ಸಾಲದ್ದಕ್ಕೆ ಅದನ್ನು ಆ ಮಗುವಿನ ಬಾಯಲ್ಲೇ ಓದಿಸಲು ಹೊರಟಿದ್ದೀಯ. ಅವಳಿಗೆ ಹೇಳಿದ್ದೀಯಾ? ಇಲ್ಲ ಎಂದು ನನಗೆ ಗೊತ್ತು. ಅವಳು ವೇದಿಕೆ ಹತ್ತುವ ಮೊದಲು ಹೇಳು. ಹೇಳದಿದ್ದರೆ ಆ ದಿನ ಆ ಸಭೆಯಲ್ಲಿ ನಾನೂ ಇರುತ್ತೇನೆ.

ಸಮೀಕ್ಷಾ


ಆಲ್ಮೆರೆ
೨ ಅಕ್ಟೋಬರ್ ೨೦೨೫

ಸಮೀಕ್ಷಾ,

ನಿನ್ನ ಪತ್ರವನ್ನು ನರಹರಿ ಓದಿದ. ‘ಬಿಟ್ಬಿಡು, ಉತ್ತರ ಬರೀಬೇಡ’ ಎಂದ. ನೀನು ಬೆದರಿಕೆ ಹಾಕದಿದ್ದರೆ ಬಿಟ್ಟುಬಿಡುತ್ತಿದ್ದೆ.

ಹೌದು, ಕಿಟಕಿಯಲ್ಲಿ ನಿಂತಿದ್ದೆ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಎಲ್ಲವನ್ನೂ ಅವರ ಮೇಲೆ ಹಾಕಿದರೆ ಕೇಳುವವರಿಲ್ಲ. ಆದರೆ ನಿನ್ನನ್ನು ನಿಲ್ಲಿಸಿ ಎಂದು ಅವರಿಗೆ ಹೇಳಿದವಳು ನಾನು. ಮಗು ಹೋದವಳ ಕೈ ಎಂಬ ಮಾತು ಅವರದು. ನನ್ನ ಕಾರಣ ಬೇರೆ. ನೀನು ಇಷ್ಟುದ್ದ ಬರೆದು ಒಂದನ್ನು ಮಾತ್ರ ಬಿಟ್ಟಿದ್ದೀಯಲ್ಲ, ಅದು.

ಇಲ್ಲಿ ಮಗು ಹುಟ್ಟಿದ ಮೂರು ದಿನದೊಳಗೆ ಹೆಸರು ಬರೆಸಬೇಕು. ನರಹರಿ ಸ್ಪಂದನಾ ಎಂದು ಬರೆಸಿ ಬಂದಿದ್ದ. ನಿನಗೂ ಗೊತ್ತಿತ್ತು, ಚೆನ್ನಾಗಿದೆ ಅಂದಿದ್ದೆ. ಒಂದು ಮಧ್ಯಾಹ್ನ ಜ್ವರ ಸ್ವಲ್ಪ ಇಳಿದಿತ್ತು. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದೆ. ನೀನು ಸೋಫಾದಲ್ಲಿ ಬೆನ್ನು ಮಾಡಿ ಕೂತಿದ್ದೆ. ‘ಇನ್ನೊಂಚೂರು ಕುಡಿ ಆಕರ್ಷ್. ಸಾಕಾ ಆಕರ್ಷ್?’ ಅನ್ನುತ್ತಿದ್ದೆ.

ಆ ಹೆಸರು ಯಾರದೆಂದು ನನಗೆ ಗೊತ್ತಿತ್ತು. ನಿಮ್ಮ ಮನೆಯ ಚಿಕ್ಕ ಕೋಣೆಯ ಗೋಡೆಗೆ ಮರದ ಅಕ್ಷರಗಳಲ್ಲಿ ನಾವಿಬ್ಬರೇ ಅಂಟಿಸಿದ್ದೆವು. ಒಂದು ಸಲ ಬಾಯಿತಪ್ಪಿ ಬಂದಿರಬಹುದು ಎಂದುಕೊಂಡೆ. ಮರುದಿನವೂ ಕೇಳಿದೆ. ಅದರ ಮರುದಿನವೂ. ಮಗು ನಿನ್ನ ದನಿಗೆ ತಿರುಗುತ್ತಿತ್ತು, ನನ್ನ ದನಿಗೆ ತಿರುಗುತ್ತಿರಲಿಲ್ಲ. ನೀನು ಎದ್ದು ಹೋಗುವಾಗ ಅದನ್ನು ನನ್ನ ಪಕ್ಕ ಮಲಗಿಸಲು ಒಂದೊಂದು ದಿನವೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದೆ. ನನ್ನ ಮಗಳು ನನ್ನ ಮನೆಯಲ್ಲೇ ಇನ್ನೊಬ್ಬರ ಮಗನಾಗುತ್ತಿದ್ದಾಳೆ ಎಂದು ಹೆದರಿದೆ. ನಿನಗೆ ಏನೆಂದು ಹೇಳಬೇಕಿತ್ತು? ಸತ್ತ ಮಗನ ಹೆಸರಿನಿಂದ ನನ್ನ ಮಗುವನ್ನು ಕರೆಯಬೇಡ ಎಂದು ನಿನ್ನ ಮುಖ ನೋಡಿ ಹೇಳಬೇಕಿತ್ತೇ? ಅದೂ ನಿನ್ನ ಹಾಲು ಕುಡಿಸಿಕೊಂಡು?

ಅತ್ತೆ ಬಂದರು. ಅವರಿಗೆ ಹೇಳುವುದು ಸುಲಭವಾಯಿತು. ‘ಸೀರೆ ಖುಷಿಯಾಗೇ ತಗೊಂಡ್ ಹೋದ್ಲು’ ಎಂದು ಅವರು ಹೇಳಿದ್ದನ್ನು ನಂಬುವುದೂ ಸುಲಭವಾಯಿತು. ಪುಸ್ತಕದಲ್ಲಿ ದಾದಿಗೆ ಕೂಲಿ ಕೊಟ್ಟಿದ್ದೇನೆ. ಕೊಟ್ಟರೆ ಅಲ್ಲಾದರೂ ಋಣ ತೀರಲಿ ಎಂದು ಕೊಟ್ಟೆ. ನಿನ್ನ ಋಣದಲ್ಲಿ ಹನ್ನೆರಡು ವರ್ಷ ಇದ್ದು ನನಗೆ ನಿನ್ನ ಮೇಲೆ ಪ್ರೀತಿ ಹೆಚ್ಚಾಗಿಲ್ಲ.

ಸಭೆಗೆ ಬರುವುದಾದರೆ ಬಾ. ಎಲ್ಲರ ಮುಂದೆ ಹೇಳು. ನಾನೂ ಎದ್ದು ನಿಂತು, ನೀನು ಅವಳನ್ನು ಏನೆಂದು ಕರೆಯುತ್ತಿದ್ದೆ ಎಂದು ಹೇಳುತ್ತೇನೆ.

ಪದ್ಮಿನಿ


ಆಲ್ಮೆರೆ
೨೭ ಅಕ್ಟೋಬರ್ ೨೦೨೫

ಸಮೀಕ್ಷಾ,

ನಿನ್ನಿಂದ ಉತ್ತರವಿಲ್ಲ. ವಾಮನ ಅವರು ಫೋನ್ ಮಾಡಿದ್ದರು. ‘ಆ ಮೇಡಂ ಎಲ್ಲಾ ಸರಿಯಿದೆ, ಅಚ್ಚಿಗೆ ಕೊಡಿ ಅಂತ ಬರೆದಿದ್ದಾರೆ’ ಎಂದರು. ಆರನೇ ಅಧ್ಯಾಯದ ಬಗ್ಗೆ ಏನಾದರೂ ಇದೆಯೇ ಎಂದು ಕೇಳಿದೆ. ಒಂದು ಸಾಲೂ ಇಲ್ಲವಂತೆ. ಇದಕ್ಕಿಂತ ನೀನು ಬೈದು ಬರೆದಿದ್ದರೆ ವಾಸಿಯಿತ್ತು. ಉತ್ತರ ಕೊಡುವ ಯೋಗ್ಯತೆಯೂ ನನಗಿಲ್ಲ ಎಂದು ತೋರಿಸಿದೆ. ಇರಲಿ.

ಆ ಅಧ್ಯಾಯವನ್ನು ಅಚ್ಚಿಗೆ ಹೋಗುವ ಮೊದಲೇ ತೆಗೆಸಿದೆ. ನಿನಗಾಗಿ ಅಲ್ಲ. ಸ್ಪಂದನಾ ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದಳು. ಕೊನೆಯ ಸಾಲು ಬಂದಾಗಲೆಲ್ಲ ನಾನು ಅಡುಗೆಮನೆಯ ನಲ್ಲಿ ತಿರುಗಿಸುತ್ತಿದ್ದೆ.

ಶರತ್ಕಾಲದ ರಜೆಯಲ್ಲಿ ಅವಳಿಗೆ ಹೇಳಿದೆ. ಮನೆಯಲ್ಲಿ ಆಗಲಿಲ್ಲ, ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ ಹೇಳಿದೆ. ‘ನೀನು ಪಾಪು ಇದ್ದಾಗ ನಿಂಗೆ ಹಾಲು ಕೊಟ್ಟಿದ್ದು ನಾನಲ್ಲ’ ಎಂದೆ. ‘ಓಕೆ’ ಎಂದಳು, ಫೋನಿನಿಂದ ತಲೆಯೆತ್ತದೆ. ನಾನು ಹೇಳುತ್ತಾ ಹೋದೆ. ನಡುವೆ ಫೋನ್ ಕೆಳಗಿಟ್ಟಳು. ಮುಗಿದ ಮೇಲೆ ಡಚ್ಚಿನಲ್ಲಿ ‘ವಾರೊಮ್?’ ಎಂದಳು, ಯಾಕೆ ಅಂತ. ಯಾಕೆ ಕಳಿಸಿದೆ ಎಂದೋ, ಯಾಕೆ ಹೇಳಲಿಲ್ಲ ಎಂದೋ, ನನಗೆ ಗೊತ್ತಾಗಲಿಲ್ಲ.

‘ಭಯ ಆಯ್ತು’ ಎಂದೆ.

‘ಅವ್ರಿಗೆ ಸಾರಿ ಹೇಳಿದ್ಯಾ ಅಮ್ಮಾ?’

‘ಇಲ್ಲ.’

‘ಟ್ವೆಲ್ವ್ ಇಯರ್ಸ್?’

ನಾನು ಕಾರು ಶುರು ಮಾಡಿದೆ. ತರಕಾರಿ ತರಲು ಇಳಿಯಲೇ ಇಲ್ಲ, ಹಾಗೇ ಮನೆಗೆ ಬಂದೆವು. ಅವಳಪ್ಪನ ಜೊತೆ ಮಾತಾಡುತ್ತಾಳೆ, ನನ್ನ ಜೊತೆ ಬೇಕಾದಷ್ಟೇ.

ಈಗ ನಿನ್ನನ್ನು ನೋಡಬೇಕಂತೆ. ನಾನೊಬ್ಬಳೇ ಹೋಗುತ್ತೇನೆ ಎಂದಿದ್ದಾಳೆ. ನವೆಂಬರ್ ೮, ಶನಿವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನೈಮೆಗನ್ ಸ್ಟೇಷನ್. ಉಟ್ರೆಕ್ಟ್‌ನಲ್ಲಿ ರೈಲು ಬದಲಿಸುವುದು ಅವಳಿಗೆ ಗೊತ್ತು. ನಿನಗೆ ಬೇಡವಾದರೆ ಬರಬೇಡ. ಸ್ವಲ್ಪ ಹೊತ್ತು ಕಾದು ವಾಪಸ್ ಬಾ ಎಂದು ಹೇಳಿದ್ದೇನೆ. ಬಂದರೆ, ಅವಳನ್ನು ಅವಳ ಹೆಸರಿನಿಂದ ಕರೆ.

ಸಾರಿ ಎಂದು ಈ ಪತ್ರದಲ್ಲಿ ಬರೆಯುವುದಿಲ್ಲ. ಮಗಳು ಹೇಳಿದಳೆಂದು ಬರೆದರೆ ಅದು ನನ್ನದಾಗುವುದಿಲ್ಲ.

ಪದ್ಮಿನಿ


ನೈಮೆಗನ್
೧೧ ನವೆಂಬರ್ ೨೦೨೫

ಪದ್ಮಿನಿ,

ಅಕ್ಟೋಬರಿನ ನಿನ್ನ ಮೊದಲ ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತೆ. ಆ ಹೆಸರಿನ ಮಾತು ಹಸಿ ಸುಳ್ಳು, ನಿನ್ನ ತಪ್ಪು ಮುಚ್ಚಿಕೊಳ್ಳಲು ಕಟ್ಟಿದ್ದು ಎಂದು ಬರೆಯುವವಳಿದ್ದೆ. ಮೊದಲ ಸಾಲು ಬರೆದು, ಒಂದು ಸಲ ಚೇತನ್‌ನನ್ನು ಕೇಳೋಣ ಎಂದು ಎದ್ದೆ. ಅವನು ಪಾತ್ರೆ ಒರೆಸುತ್ತಿದ್ದ. ಕೈ ನಿಲ್ಲಿಸದೆ ಹೇಳಿದ. ‘ಕರೀತಿದ್ದೆ. ಅಲ್ಲಿ ಮಾತ್ರ ಅಲ್ಲ. ಮನೆಗ್ ಬಂದು, ಆಕರ್ಷ್ ಇವತ್ತು ಚೆನ್ನಾಗಿ ಕುಡ್ದ ಅಂತಿದ್ದೆ. ನಾನು ಹೂಂ ಅಂತಿದ್ದೆ. ಏನ್ ಮಾಡ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ.’

ನನಗೆ ಒಂದೂ ನೆನಪಿಲ್ಲ. ನಾನ್ನೂರು ವರ್ಷದ ಹಿಂದೆ ಯಾರ ಮಗುವಿನ ತಲೆಗೆ ಯಾವ ದಿನ ನೀರು ಹಾಕಿದರು ಎಂದು ನಿನಗೆ ಪಾಠ ಹೇಳಿದವಳು ನಾನು. ನಾನು ಉತ್ತರ ಬರೆಯದ್ದನ್ನು ನೀನು ತಿರಸ್ಕಾರ ಎಂದುಕೊಂಡೆ. ಅಲ್ಲ. ಬರೆಯಲು ಮುಖವಿರಲಿಲ್ಲ.

ನಿನ್ನ ಭಯ ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಇಳಿದಿಲ್ಲ. ಗೋಡೆ ಹಿಡಿದು ಅಷ್ಟು ಮೆಟ್ಟಿಲು ಇಳಿದವಳು ಇನ್ನು ನಾಲ್ಕು ಹೆಜ್ಜೆ ಬಂದು, ‘ಸಮೀ, ಅವಳು ಆಕರ್ಷ್ ಅಲ್ಲ’ ಎನ್ನಬಹುದಿತ್ತು. ನಾನು ಕುಸಿದು ಅಳುತ್ತಿದ್ದೆ. ನಿನ್ನನ್ನು ಬೈದಿರುತ್ತಿದ್ದೆ. ಆದರೆ ಮರುದಿನ ಬಂದು ಸ್ಪಂದನಾ ಎಂದು ಕರೆದು ಹಾಲು ಕೊಡುತ್ತಿದ್ದೆ. ಅದನ್ನು ಮಾಡಲು ನೀನು ನನಗೆ ಅವಕಾಶ ಕೊಡಲಿಲ್ಲ.

ಶನಿವಾರ ಹೋಗುವುದಿಲ್ಲ ಎಂದುಕೊಂಡಿದ್ದೆ. ಚಪ್ಪಲಿ ಬದಲಿಸಿ ಶೂ ಹಾಕಿಕೊಂಡಿದ್ದು ಯಾವಾಗ ಎಂದು ತಿಳಿಯಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಮಕ್ಕಳಲ್ಲಿ ಅವಳನ್ನು ಗುರುತಿಸಲು ಕಷ್ಟವಾಗಲಿಲ್ಲ. ನರಹರಿಯ ಮೂಗು, ನಿನ್ನ ಹಾಗೇ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು. ಇಲ್ಲಿಯವರ ಹಾಗೆ ಕೈ ಚಾಚಿ ‘ಸ್ಪಂದನಾ’ ಎಂದು ತಾನೇ ಹೆಸರು ಹೇಳಿಕೊಂಡಳು. ನೀನು ಎಚ್ಚರಿಸಿದ್ದು ಬೇಕಾಗಲಿಲ್ಲ.

ವಾಲ್ ನದಿಯ ಸೇತುವೆ ತೋರಿಸಿದೆ. ಮನೆಯಲ್ಲಿ ಅನ್ನ, ಬೀನ್ಸ್ ಪಲ್ಯ, ಸಾರು ಮಾಡಿದ್ದೆ. ಚೇತನ್ ಬಡಿಸಿ, ಏನೋ ತರುವುದಿದೆ ಎಂದು ಹೊರಗೆ ಹೋದ. ಅವನಿಗೆ ಅವಳನ್ನು ನೋಡುತ್ತ ಕೂರಲು ಆಗಲಿಲ್ಲ.

ಅವಳು ಚಮಚೆಯನ್ನು ತಟ್ಟೆಯ ಪಕ್ಕ ಇಟ್ಟು ಕೇಳಿದಳು. ‘ನಿಮ್ಗೆ ನಾನು ಅವ್ನು ಅಂತ ಅನ್ಸ್ತಿತ್ತಾ?’

ನೀನು ಅದನ್ನೂ ಹೇಳಿದ್ದೀಯ ಎಂದು ಆಗಲೇ ಗೊತ್ತಾದದ್ದು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅಷ್ಟನ್ನು ಒಪ್ಪುತ್ತೇನೆ.

‘ಕೆಲವು ಸಲ’ ಎಂದೆ.

‘ಪರ್ವಾಗಿಲ್ಲ. ನಂಗೇನ್ ಗೊತ್ತಾಗ್ತಿತ್ತು, ನಂಗೆ ಹಸಿವಾಗಿತ್ತು’ ಎಂದಳು. ಆಮೇಲೆ, ‘ಸಾರು ಇನ್ನೂ ಇದ್ಯಾ?’ ಎಂದಳು.

ಬಡಿಸಿದೆ. ಸ್ವಲ್ಪ ಮೇಜಿನ ಮೇಲೆ ಚೆಲ್ಲಿತು, ಅವಳೇ ಒರೆಸಿದಳು. ಒರೆಸುತ್ತಲೇ ‘ಅವ್ನ ಬರ್ತ್‌ಡೇ ಯಾವಾಗ?’ ಎಂದು ಕೇಳಿದಳು.

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಕೇಳಿದವರೆಲ್ಲ, ಯಾವತ್ತು ಹೋಯಿತು ಎಂದೇ ಕೇಳಿದ್ದರು. ನಾನೂ ಹಾಗೆಯೇ ಲೆಕ್ಕ ಇಟ್ಟುಕೊಂಡಿದ್ದೆ. ದಿನ ಹೇಳಿದೆ. ಫೋನ್ ತೆಗೆದು, ಇಸವಿ ಸಮೇತ ಬರೆದುಕೊಂಡಳು. ‘ನನ್ಗಿಂತ ಐದು ದಿನ ದೊಡ್ಡವ್ನು’ ಎಂದಳು.

ನಾಲ್ಕು ಗಂಟೆಯ ರೈಲಿಗೆ ಹತ್ತಿಸಿ ಬಂದೆ. ಕ್ರಿಸ್‌ಮಸ್ ರಜೆಯಲ್ಲಿ ಮತ್ತೆ ಬರುತ್ತೇನೆ ಎಂದಿದ್ದಾಳೆ. ಕಳಿಸು. ಕೈಗವಸು ಹಾಕಿ ಕಳಿಸು, ಸೇತುವೆಯ ಮೇಲೆ ಚಳಿಗೆ ಅವಳ ಬೆರಳೆಲ್ಲ ಕೆಂಪಾಗಿತ್ತು.

ನೀನು ಬರಬೇಡ.

ಸಮೀಕ್ಷಾ